ಅಪ್ಪ ಎತ್ತಿದ ಕೈ

ಲಿಂಡಾಲ್, ಮಿನೆಸೋಟಾ
9 ಏಪ್ರಿಲ್ 1987

ಪ್ರೀತಿಯ ತಮ್ಮ ರೋಲ್ಫ್,

ನಿನ್ನ ಮಂಡಿನೋವು ಹೇಗಿದೆ? ನ್ಯಾಯಾಧೀಶನಾದರೇನಂತೆ, ಇಡೀ ದಿನ ಕೂತೇ ಇರಬೇಡ, ನಡುನಡುವೆ ಎದ್ದು ಓಡಾಡು. ಮಾರ್ಜರಿಗೆ ಕೆಮ್ಮು ಬಿಟ್ಟಿತೇ? ಇಲ್ಲಿ ಕೆರೆಯ ಮೇಲಿನ ಮಂಜುಗಡ್ಡೆ ಕರಗುತ್ತಾ ಬಂದಿದೆ. ಪಕ್ಕದ ಮನೆಯ ಮುದುಕ ನಿನ್ನೆಯೂ ಮೀನು ಹಿಡಿಯಲು ಅದರ ಮೇಲೆ ಹೋಗಿದ್ದ. ಅವನ ಹೆಂಡತಿ ದಡದಲ್ಲಿ ನಿಂತು "ಮುಳುಗೋದಾದ್ರೆ ಕಾರಿನ ಕೀ ಕೊಟ್ಟು ಮುಳುಗ್ರೀ" ಎಂದು ಕೂಗುತ್ತಿದ್ದಳು. ನಾನು ಚೆನ್ನಾಗಿದ್ದೇನೆ, ಹಳೇ ಕಾಗದದ ದೂಳಿಗೆ ಸೀನು ಬರುವುದೊಂದು ಬಿಟ್ಟರೆ.

ನೀನು ಫೋನಿನಲ್ಲಿ ಹೇಳಿದ ಕೆಲಸ ಮಾಡಿದ್ದೇನೆ. ಓದಿನಲ್ಲಿ ಮುಂದಿರುವವರನ್ನು ಆರಿಸಿಕೊಳ್ಳುವ ವಿಶ್ವವಿದ್ಯಾಲಯದ ಗೌರವ ಸಂಘದ ನಮ್ಮ ಶಾಖೆಯ ದಾಖಲೆಗಳೆಲ್ಲ ಈಗ ಗ್ರಂಥಾಲಯದ ನೆಲಮಾಳಿಗೆಗೆ, ಅಂದರೆ ನನ್ನ ಕೈಗೆ ಬಂದಿವೆ. ಸಭೆಯ ನಡವಳಿಗಳು, ಮೆಟ್ಟಿಲ ಮೇಲೆ ನಿಂತು ತೆಗೆಸಿಕೊಂಡ ಫೋಟೋಗಳು, ಹೊಸ ಸದಸ್ಯರ ಪ್ರತಿಜ್ಞೆಯ ಸಂಜೆ ಉರಿಸಿದ ಮೇಣದಬತ್ತಿಯ ತುಂಡುಗಳನ್ನೂ ಬಿಟ್ಟಿಲ್ಲ ಪುಣ್ಯಾತ್ಮರು. "ಅಪ್ಪ ನಿನ್ ವಿರುದ್ಧ ಕೈ ಎತ್ತಿದ್ ಪುಟ ಹುಡುಕಿಡಕ್ಕಾ, ಗಾಜಿನ ಪೆಟ್ಟಿಗೇಲಿ ಇಡ್ಸೋಣ, ಸಂಘದ ಶತಮಾನೋತ್ಸವದ ಭಾಷಣಕ್ಕೆ ಜೀವ ಬರತ್ತೆ" ಅಂದಿದ್ದೆಯಲ್ಲ. ಸಿಕ್ಕಿದೆ. 1949ರದು. ಶಾಯಿ ಇನ್ನೂ ಮಾಸಿಲ್ಲ.

ಆ ಕಥೆಯನ್ನು ನೀನು ಎಷ್ಟು ವೇದಿಕೆಗಳಲ್ಲಿ ಹೇಳಿದ್ದೀಯೋ! ತರಗತಿಗೇ ಮೊದಲು ಬಂದ ಮಗಳ ಹೆಸರು ಸಭೆಯ ಮುಂದೆ ಬಂತು. ಒಬ್ಬನೇ ಒಬ್ಬ ಅಧ್ಯಾಪಕ ಕೈ ಎತ್ತಿ ವಿರೋಧಿಸಿದರೂ ಹೆಸರು ಬಿದ್ದುಹೋಗುವುದು ಸಂಘದ ಕಟ್ಟಳೆ. ಪಕ್ಷಪಾತದ ಮಾತು ಬರಬಾರದೆಂದು ಪ್ರೊಫೆಸರ್ ಟಾರ್ವಿಕ್ ತಾವೇ ಕೈ ಎತ್ತಿದರು, ಸ್ವಂತ ಮಗಳೆಂಬ ಮೋಹವನ್ನೂ ಗೆದ್ದರು. ಜನ ಕಣ್ಣೊರೆಸಿಕೊಳ್ಳುತ್ತಾರೆ. ಆ ಮಗಳು ಆಮೇಲೆ ಏನಾದಳು ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ. ಸಂಘದ ಪದಕವಿದ್ದಿದ್ದರೆ ಷಿಕಾಗೋದಲ್ಲಿ ಸಸ್ಯಶಾಸ್ತ್ರ ಓದಲು ನನಗೆ ವಿದ್ಯಾರ್ಥಿವೇತನ ಸಿಗುತ್ತಿತ್ತು. ಸಿಗಲಿಲ್ಲ, ನೆಲಮಾಳಿಗೆ ಸಿಕ್ಕಿತು. ಪ್ರತಿಜ್ಞೆಯ ಸಂಜೆಗೆಂದು ಅಮ್ಮ ಬಿಳಿ ಗೌನು ಹೊಲಿದಿಟ್ಟಿದ್ದಳು. "ಬಿಡೇ, ಮದ್ವೆಗಾಗತ್ತೆ" ಎಂದು ಅದನ್ನು ಪೆಟ್ಟಿಗೆಗೆ ಸೇರಿಸಿದಳು. ಮದುವೆಯೂ ಆಗಲಿಲ್ಲ, ಗೌನು ಹುಳುಗಳ ಪಾಲಾಯಿತು. ಇಷ್ಟಾದರೂ ಅಪ್ಪನನ್ನು ನಾನು ದ್ವೇಷಿಸಲಿಲ್ಲ, ರೋಲ್ಫ್. ನ್ಯಾಯ ಅಂದರೆ ಹೀಗೇ ಒರಟು ಎಂದುಕೊಂಡು, ಅದರಲ್ಲೇ ಒಂದಿಷ್ಟು ಹೆಮ್ಮೆಯನ್ನೂ ಪಟ್ಟಿದ್ದೆ.

ಆದರೆ ದಾಖಲೆ ಜೋಡಿಸುವವಳಿಗೆ ಒಂದೇ ಪುಟ ಓದಿ ಏಳಲಾಗುತ್ತದೆಯೇ? 1953ರ ನಡವಳಿಯೂ ಕೈಗೆ ಬಂತು, ನಿನ್ನ ವರ್ಷದ್ದು. "ಅಭ್ಯರ್ಥಿ ತಮ್ಮ ಮಗನಾದ್ದರಿಂದ ಪ್ರೊ. ಟಾರ್ವಿಕ್ ಸಭೆಯಿಂದ ಹೊರಗೆ ಹೋದರು. ರೋಲ್ಫ್ ಟಾರ್ವಿಕ್ ಸರ್ವಾನುಮತದಿಂದ ಆಯ್ಕೆಯಾದರು" ಎಂದಿದೆ. ಎರಡೂ ಪುಟಗಳನ್ನು ಪಕ್ಕಪಕ್ಕ ಇಟ್ಟು ಮತ್ತೆ ಓದಿದೆ. ನನ್ನ ವರ್ಷವೂ ಆ ಕೋಣೆಗೆ ಬಾಗಿಲಿತ್ತಲ್ಲವೇ?

ಎರಡೂ ಸಭೆಯಲ್ಲಿ ಕೂತಿದ್ದವರಲ್ಲಿ ಉಳಿದಿರುವವರು ಬ್ರೆಕ್ಕೆ ಮೇಷ್ಟ್ರು ಒಬ್ಬರೇ. ಚರ್ಚಿನವರ ವೃದ್ಧಾಶ್ರಮದಲ್ಲಿದ್ದಾರೆ. ನಿಂಬೆ ಕೇಕು ಮಾಡಿಕೊಂಡು ಹೋಗಿ ಕೇಳಿಯೇಬಿಟ್ಟೆ. "ನಿನ್ ಸಲಾನೂ ಹೇಳ್ದೆ ಕಣಮ್ಮ, ಟಾರ್ವಿಕ್, ಹೊರಗ್ಹೋಗಿ ಒಂದ್ ಪೈಪ್ ಸೇದ್ಕೊಂಡ್ ಬಾರಯ್ಯ, ನಾವ್ ನೋಡ್ಕೋತೀವಿ ಅಂತ. ಕೇಳ್ಲಿಲ್ಲ. ಹೆಣ್ಣುಡ್ಗಿ, ನಾಳೆ ಮದ್ವೆ ಆಗಿ ಹೋಗ್ತಾಳೆ, ಅವಳ ಪದಕಕ್ಕೆ ನಾನ್ಯಾಕೆ ಊರೋರ ಬಾಯಿಗ್ ಬೀಳ್ಲಿ ಅಂದ" ಎಂದರು. ತಮ್ಮನ ಸಲ ಏನಾಯಿತು ಅಂದೆ. "ಅವತ್ತು ಪೈಪ್ ತುಂಬ್ಕೊಂಡೇ ಬಂದಿದ್ದ. ಹುಡುಗನ ಭವಿಷ್ಯ ಕಣ್ರಯ್ಯ ಅಂತ ತಾನಾಗೇ ಎದ್ದೋದ." ಆಮೇಲೆ ತಟ್ಟೆ ಮುಂದೆ ಮಾಡಿ, ಕೇಕು ಚೆನ್ನಾಗಿದೆ, ಇನ್ನೊಂದು ಚೂರು ಹಾಕು ಅಂದರು. ಹಾಕಿದೆ. ಇನ್ನೇನು ಮಾಡಲಿ?

ನನಗೆ ಸಿಟ್ಟು ಬಂದಿದೆ, ರೋಲ್ಫ್. ಸತ್ತವನ ಮೇಲೆ ಸಿಟ್ಟು ಮಾಡಿಕೊಂಡು ಏನು ಸುಖ ಎನ್ನಬೇಡ. ಅಪ್ಪ ನನ್ನ ಬದುಕನ್ನು ಕೊಟ್ಟು ತನಗೊಂದು ಒಳ್ಳೆಯ ಹೆಸರು ತಂದುಕೊಂಡ, ನೀನು ಆ ಹೆಸರನ್ನು ಇನ್ನೂ ಉಣ್ಣುತ್ತಿದ್ದೀಯ. ನಿನಗೆ ಮೊದಲೇ ಗೊತ್ತಿತ್ತೇ ಎಂದು ಕೇಳುವುದಿಲ್ಲ. ಉತ್ತರಕ್ಕೆ ಹೆದರುತ್ತೇನೆ.

ಮಾರ್ಜರಿಗೆ ನನ್ನ ನೆನಪು ಹೇಳು. ಬರುವಾಗ ದಪ್ಪ ಕೋಟು ತಾ, ಸಂಜೆ ಗಾಳಿ ಇನ್ನೂ ಕೊರೆಯುತ್ತದೆ. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಸಿಗ್ನಿ

ಮರೆತಿದ್ದೆ, ಟಪಾಲಿನವನ ಗಾಡಿ ತಿರುವಿನಲ್ಲಿ ಕಾಣುತ್ತಿದೆ. ಎರಡೂ ಪುಟದ ಪ್ರತಿ ಇದರ ಜೊತೆಗಿದೆ. ಭಾಷಣದ ನಡುವೆ ನನ್ನತ್ತ ಕೈ ತೋರಿಸುತ್ತೀಯಂತೆ, ನಾನು ಎದ್ದು ನಿಲ್ಲಬೇಕಂತೆ, ಜನ ಚಪ್ಪಾಳೆ ತಟ್ಟುತ್ತಾರಂತೆ. ಆಗಲಿ, ಮೊದಲ ಸಾಲಿನಲ್ಲೇ ಕೂತಿರುತ್ತೇನೆ. ಎರಡನೆಯ ಪುಟವನ್ನೂ, ನಿನ್ನ ವರ್ಷದ್ದನ್ನು, ನೀನು ಸಭೆಗೆ ಓದಿ ಮುಗಿಸಿದ್ದರೆ ಎದ್ದು ನಿಂತು, ಸುಮ್ಮನೆ ಕೂತುಬಿಡುತ್ತೇನೆ. ಓದಿರದಿದ್ದರೆ ನಿಂತೇ ನಾನು ಓದುತ್ತೇನೆ. ಅಷ್ಟು ಹೊತ್ತು ನೀನು ಬೇಕಾದರೆ ಹೊರಗೆ ಹೋಗಿರು. ಬಾಗಿಲು ಅಲ್ಲೇ ಇದೆ.