ಬೀಡಿ ದಾರದ ಗಂಟು

ಅಂಕಲಿ,
೧೭ ನವೆಂಬರ್ ೨೦೧೧

ನಿಪ್ಪಾಣಿಯ ಜ್ಞಾನದೇವ ಅವರಿಗೆ ಶೇವಂತಾಳ ನಮಸ್ಕಾರಗಳು.

ಹೆಂಡತಿ ಗಂಡನ ಹೆಸರು ಬರೆದಳೆಂದು ಸಿಟ್ಟಾಗಬೇಡಿರಿ. ನೀವು ಕಳಿಸಿದ ಸೋಡಚೀಟಿಯಲ್ಲಿ, ಈ ವಿಚ್ಛೇದನದ ಕಾಗದದಲ್ಲಿ, ವಕೀಲರು ಅದನ್ನು ಹತ್ತು ಸಲ ಬರೆದಿದ್ದಾರೆ. ಸೋಮವಾರದೊಳಗೆ ನನ್ನ ಸಹಿ ಬೇಕೆಂದಿದ್ದೀರಿ. ಮಾಡಿ ಇದರೊಳಗೇ ಇಟ್ಟಿದ್ದೇನೆ.

ಪತ್ರ ತಂದವರು ಸತ್ತಿ ಊರಿನ ಭಜನಾ ಮಂಡಳಿಯ ಅಮೋಘಸಿದ್ದಣ್ಣ. ಅವರ ಕೈಯಲ್ಲಿರುವ ಆಂಪ್ಲಿಫೈಯರ್ ಗುರುತು ಸಿಕ್ಕಿರಬೇಕು. ೨೦೦೬ರಲ್ಲಿ ನಾನು ತಂತಿ ಜೋಡಿಸಿದ್ದು. ಅದನ್ನು ಕೊಟ್ಟು ನಿಮ್ಮ ಅಂಗಡಿಯ ಹೊಸ ಬೋರ್ಡಿನ ಸೆಟ್ ತರಲು ಹೊರಟಿದ್ದರು. ದಾರಿಯಲ್ಲಿ ಇಳಿದು ನನಗೆ ತೋರಿಸಿದರು. ಗುಂಯ್ ಅಂತೈತ್ರಿ ಅಕ್ಕಾ, ನಮಗ ತಂಬೂರಿನ ಬ್ಯಾಡಾಗೇತಿ ಅಂದರು. ಬಿಚ್ಚಿ ಒಂದು ತಂತಿ ಸರಿಸಿದೆ, ಸದ್ದು ನಿಂತಿತು. ಆದರೂ ಒಮ್ಮೆ ನಿಮಗೆ ಕೇಳಿಸಿ ಬರಲು ಹೇಳಿದೆ.

ಮುಚ್ಚಳ ತೆಗೆದಾಗ ಕೆಂಪು ದಾರ ಕಂಡಿತು. ಮದುವೆಯಾಗಿ ಬಂದಾಗ ನಾನು ಬೀಡಿ ಕಟ್ಟುವವಳು. ನೀವು ಪೆನ್ಸಿಲ್‌ನಲ್ಲಿ ಗೆರೆ ಎಳೆದು ತೋರಿಸಿದಂತೆ ತಂತಿ ಕತ್ತರಿಸಿ, ಬೆಸುಗೆ ಹಾಕಿ, ಬೀಡಿ ದಾರದಿಂದಲೇ ಕಟ್ಟಿಬಿಟ್ಟೆ. ಮೊದಲು ನಕ್ಕಿರಿ, ಆಮೇಲೆ ಗಿರಾಕಿಗಳಿಗೆಲ್ಲ ತೋರಿಸಿದಿರಿ. ಕೈ ವೈರಿಂಗ್ ಸೆಟ್ ಕೆಟ್ಟರ ಎಬ್ಬಸಬಹುದು, ಬೋರ್ಡ್ ಸುಟ್ಟರ ಒಗೀಬೇಕು ಅನ್ನುತ್ತಿದ್ದಿರಿ. ಆಗ ನಮ್ಮಿಬ್ಬರಿಗೆ ಒಂದೇ ಹಲಗೆ, ಒಂದೇ ಬೆಸುಗೆ ಕಡ್ಡಿ. ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು.

ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಹಾಕಿದ ಮೇಲೆ ನೀವು ಅಲ್ಲಿ, ಹಲಗೆಯ ಮುಂದೆ ನಾನೊಬ್ಬಳೇ. ಆಮೇಲೆ ಮೂರು ಸೆಟ್ಟುಗಳು ಗುಂಯ್‌ಗುಡುತ್ತ ತಿರುಗಿ ಬಂದವು. ಮೂರರಲ್ಲೂ ಮೈಕಿನ ತಂತಿ ಟ್ರಾನ್ಸ್‌ಫಾರ್ಮರ್ ತಂತಿಗೆ ಅಂಟಿಕೊಂಡಿತ್ತು, ಗುಂಯ್ ಸದ್ದು ಅದರಿಂದಲೇ. ಮೂರನೆಯ ಸಲ ನೀವು ಕಡ್ಡಿ ಕೆಳಗಿಟ್ಟು, ನಿನ್ನ ಕೈ ಮ್ಯಾಲಿನ ನಂಬಿಗಿ ಹೋತು, ಬೋರ್ಡಿನ್ಯಾಗ ತಾರ ಜಾಗಾ ಬಿಟ್ಟು ಅಲ್ಲಾಡೂದಿಲ್ಲ ಅಂದಿರಿ. ಮರುವಾರ ಕೊಲ್ಹಾಪುರದಿಂದ, ತಂತಿಯ ಬದಲು ತಾಮ್ರದ ಗೆರೆ ಅಚ್ಚಾಗಿಯೇ ಬರುವ ಬೋರ್ಡುಗಳ ಪೆಟ್ಟಿಗೆ ಬಂತು.

ಬೋರ್ಡು ಒಳ್ಳೆಯದೇ, ನಾನು ಜಗಳಕ್ಕೆ ಬಂದಿಲ್ಲ. ದಿನಕ್ಕೆ ಹತ್ತು ಸೆಟ್ ಆಗುತ್ತವೆ, ಹತ್ತೂ ಒಂದೇ ಥರ. ಯಾರು ಕೂತರೂ ನಡೆಯುತ್ತದೆ. ಹಾಗಾಗಿ ನನಗೆ ಕೂರುವ ಕೆಲಸ ಉಳಿಯಲಿಲ್ಲ. ನೀವು ಅಂಗಡಿಯಲ್ಲೇ ಮಲಗತೊಡಗಿದಿರಿ. ನಾಲ್ಕು ದಿನಕ್ಕೆಂದು ಅಣ್ಣ ಬಾಬಾಸಾಹೇಬನ ಮನೆಗೆ ಬಂದೆ, ನಾಲ್ಕು ವರ್ಷವಾಯಿತು. ಕರೆಯಲು ಬರುತ್ತೀರೆಂದು ಮೊದಲ ವರ್ಷ ಚೀಲ ಬಿಚ್ಚಲೇ ಇಲ್ಲ. ಈಗಲೂ ಎದೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ.

ಒಂದೇ ಕೇಳಿಕೆ. ಆ ಸೆಟ್ಟನ್ನು ಗುಜರಿಗೆ ಹಾಕಬೇಡಿರಿ. ಸ್ವಿಚ್ ಹಾಕಿ, ಕಿವಿ ಹಚ್ಚಿ ಕೇಳಿರಿ.

ಈ ಸಹಿ ಕೋರ್ಟು ಮುಟ್ಟುವ ತನಕ ನಿಮ್ಮವಳು,
ಶೇವಂತಾ

ತಾ.ಕ.: ಸಹಿ ಒಣಗಿದ ಮೇಲೆ ಇದನ್ನು ಬರೆಯುತ್ತಿದ್ದೇನೆ, ಮೊದಲು ಧೈರ್ಯ ಬರಲಿಲ್ಲ. ನನ್ನ ಕೈ ಒಮ್ಮೆಯೂ ತಪ್ಪಿಲ್ಲ. ಆ ತಂತಿಗಳನ್ನು ಬೇಕೆಂದೇ ಹಾಗೆ ಕಟ್ಟಿದ್ದೆ. ಸೆಟ್ ತಿರುಗಿ ಬಂದ ದಿನ ಮಾತ್ರ ನೀವು ಮಧ್ಯಾಹ್ನವೇ ಮನೆಗೆ ಬಂದು, ನನ್ನ ಜೊತೆ ಒಂದೇ ಡಬ್ಬಿಯೊಳಗೆ ತಲೆ ಹಾಕಿ ಕೂರುತ್ತಿದ್ದಿರಿ. ಬೋರ್ಡು ಬರುವ ಮೊದಲೇ, ನಾಲ್ಕನೆಯದಾಗಿ ಈ ಸತ್ತಿಯ ಸೆಟ್ಟಿಗೂ ಹಾಗೇ ಕಟ್ಟಿ, ತಿರುಗಿ ಬರಲೆಂದು ಕಾದೆ. ಸತ್ತಿಯವರು ಸಹನೆಯ ಜನ, ಐದು ವರ್ಷ ತಡೆದುಕೊಂಡರು.