ವಾರಿಜಾಳ ಎರಡು ದೋಣಿಗಳು

ಗಂಗೊಳ್ಳಿ
ಎರಡನೇ ಫೆಬ್ರವರಿ ೧೬, ೨೧೭೧

ಅಳಿವೆ ದೋಣಿ ಸಂಘದ ಮೊದಲ ಕಾರ್ಯದರ್ಶಿ ರುಕ್ಮಾಯಿ ಖಾರ್ವಿಯವರಿಗೆ, ನಿಮ್ಮ ಮರಿಮಗಳ ಮೊಮ್ಮಗಳು, ಅದೇ ಸಂಘದ ಈಗಿನ ಕಾರ್ಯದರ್ಶಿ ಸುಗಂಧಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಮೇ ತಿಂಗಳ ಸೆಖೆ ತಡೆಯಲಾರದೆ ನಮ್ಮವರು ಅದನ್ನು ಪಂಚಾಂಗದಿಂದಲೇ ಕಿತ್ತುಹಾಕಿ, ಫೆಬ್ರವರಿಯನ್ನು ಎರಡು ಸಲ ನಡೆಸುತ್ತಾರೆ. ಸೆಖೆ ಮಾತ್ರ ಹಾಗೇ ಇದೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ.

ಹೆದ್ದಾರಿ ಕಡಲಿನಡಿ ಸೇರಿ ಎಪ್ಪತ್ತು ವರ್ಷವಾಯಿತು. ಈಗ ಶಾಲೆಗೆ, ಆಸ್ಪತ್ರೆಗೆ, ಸಂತೆಗೆ, ಮದುವೆ ದಿಬ್ಬಣಕ್ಕೆ ಎಲ್ಲಕ್ಕೂ ದೋಣಿಯೇ. ಪ್ರತಿ ಸಂಘವೂ ವರ್ಷಕ್ಕೊಮ್ಮೆ ಜೆಟ್ಟಿಯ ಮೇಲೆ ನಿಂತು, ತಾನು ಕೈಬಿಡುವ ಒಂದು ಕೆಲಸವನ್ನು ಜನರೆದುರು ಹೇಳಬೇಕು. ಇದಕ್ಕೆ ಬಿಡುಸಭೆ ಎನ್ನುತ್ತೇವೆ. ನೀವು ಕಾರ್ಯತಂತ್ರ ಎಂದು ದಪ್ಪ ದಪ್ಪ ವರದಿ ಬರೆಯುತ್ತಿದ್ದಿರಂತಲ್ಲ, ಅದು ನಮ್ಮಲ್ಲಿ ಇಷ್ಟೇ: ಏನು ಬಿಡಬೇಕೆಂದು ಗೊತ್ತಿರಬೇಕು, ಉಳಿದ ಬಲವನ್ನೆಲ್ಲ ಬೇಕಾದ ಕಡೆ ಹಾಕಬೇಕು.

ನಾನು ಒಂಬತ್ತು ಬಿಡುಸಭೆ ನಡೆಸಿದೆ. ಒಂಬತ್ತರಲ್ಲೂ ಯಾರೂ ದೋಣಿ ಹತ್ತದ ದಾರಿಯನ್ನೇ ಬಿಟ್ಟೆ. ಒಂದು ವರ್ಷವಂತೂ, ಹೊಳೆಯ ನಡುವೆ ಆಗಲೇ ಮುಳುಗಿಹೋಗಿದ್ದ ಕುದುರಿನ ನಡುಗಡ್ಡೆಗೆ ದೋಣಿ ನಿಲ್ಲಿಸಿದ್ದೇನೆಂದು ಸಾರಿ ಚಪ್ಪಾಳೆ ಗಿಟ್ಟಿಸಿದೆ. ಜೊತೆಗೆ ಹನ್ನೊಂದು ಹೊಸ ದಾರಿ ಶುರುಮಾಡಿದೆ. ಗುರಿ, ಧ್ಯೇಯ, ಐದು ವರ್ಷದ ಮುನ್ನೋಟ ಎಲ್ಲವನ್ನೂ ಕಚೇರಿಯ ಗೋಡೆಗೆ ಬಣ್ಣದಲ್ಲಿ ಬರೆಸಿದೆ. ಇದ್ದದ್ದು ಏಳೇ ದೋಣಿ.

ಇನ್ನು ವಾರಿಜಾ ಮೊಗೇರ. ಆಚೆ ದಡದ ಸಂಘದ ಕಾರ್ಯದರ್ಶಿ. ಅವಳ ಸಂಘಕ್ಕೆ ಎರಡೇ ದೋಣಿ. ಹೋದ ಬಿಡುಸಭೆಯಲ್ಲಿ ಅವಳು ದಿಬ್ಬಣದ ದೋಣಿಯನ್ನೇ ಕೈಬಿಟ್ಟಳು! ಜನ ಹೊಗಳುತ್ತಿದ್ದದ್ದು ಅದೊಂದನ್ನೇ. "ಹೋಯ್, ದಿಬ್ಬಣ ತಡ ಆದ್ರೆ ಊಟ ತಣ್ಣಗಾತ್ತ್, ಅಷ್ಟೇ. ಶಾಲಿ ಮಕ್ಕಳಿಗೆ ತಡ ಆಪುಕಾಗ" ಎಂದಳು ಮಹಾತಾಯಿ. ಈಗ ಎರಡೂ ದೋಣಿ ಶಾಲೆ, ಆಸ್ಪತ್ರೆಯ ದಾರಿಯಲ್ಲೇ ಓಡುತ್ತವೆ. ಹತ್ತು ನಿಮಿಷಕ್ಕಿಂತ ಹೆಚ್ಚು ಯಾರೂ ಕಾಯುವುದಿಲ್ಲ. ನನ್ನ ಜನ ಒಬ್ಬೊಬ್ಬರೇ ಅತ್ತ ಹೋದರು. ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ? ಅವಳ ನಗು ಕಂಡರಾಗದು, ಅವಳ ತೇಪೆ ಹಾಕಿದ ಕೊಡೆ ಕಂಡರಾಗದು. ಅವಳು ಎಲ್ಲರಿಗೂ ವಾರಿಜಕ್ಕ. ನಾನು ಬರೀ ಮೇಡಂ. ಮೊನ್ನೆ ನನ್ನ ಸ್ವಂತ ಮಗಳೇ ಅವಳ ದೋಣಿಯಿಂದ ಇಳಿಯುವುದನ್ನು ಕಂಡೆ. ಕೇಳಿದರೆ, "ಎಂತ ಮಾಡೂದ್ ಅಮ್ಮ, ನಿನ್ನ್ ದೋಣಿ ಕಾದ್ಕಂಡ್ ಕೂತ್ರೆ ಶಾಲಿ ಬಾಗ್ಲ್ ಹಾಕ್ತ್ರ್" ಎಂದಳು.

ನಮ್ಮ ಸಂಘವನ್ನು ವಾರಿಜಾಳ ಸಂಘಕ್ಕೆ ಸೇರಿಸಬೇಕೇ ಎಂದು ನಾಳಿದ್ದು ಸದಸ್ಯರು ಕೈ ಎತ್ತುತ್ತಾರೆ. ಎತ್ತಿದರೆ, ನಿಮ್ಮಿಂದ ನನ್ನವರೆಗೆ ನಮ್ಮ ಮನೆಯವರೇ ಕೂತ ಕುರ್ಚಿ ಅವಳ ಪಾಲು.

ಅದೇ ಸಂಕಟದಲ್ಲಿ ನಿಮ್ಮ ದಿನಚರಿ ತೆರೆದೆ. ಮೀನು ಮಾರುವ ಪುಟ್ಟು ಎಂಬವಳು ಕೆಲಸ ಕೇಳಿಕೊಂಡು ಬಂದಳೆಂದೂ, ಯಾವ ಹೊತ್ತಿಗೆ ಎಷ್ಟು ಜನ ದಡದಲ್ಲಿ ಕಾಯುತ್ತಾರೆ, ಯಾಕೆ ಕಾಯುತ್ತಾರೆ ಎಂದು ನೋಡುವುದನ್ನು ನಾಳೆಯಿಂದ ಅವಳಿಗೆ ಕಲಿಸುವೆನೆಂದೂ ಬರೆದಿದ್ದೀರಿ. ಆ ಪುಟ್ಟು ವಾರಿಜಾಳ ಮುತ್ತಜ್ಜಿಯ ಅಜ್ಜಿ. ಓದಿ ಮೈಯೆಲ್ಲ ಉರಿದುಹೋಯಿತು. ನಮ್ಮ ಮನೆಯ ವಿದ್ಯೆ ಅವಳ ಮನೆಗೆ! ಪುಟ್ಟುವನ್ನು ಬಾಗಿಲಿನಿಂದಲೇ ಕಳಿಸಿಬಿಡಿ ಎಂದು ಬೇಡಲಿಕ್ಕೇ ಈ ಕಾಗದಕ್ಕೆ ಕೂತಿದ್ದು.

ಆದರೆ ಅವಳನ್ನು ಕಳಿಸಿದರೆ ಇಂದು ವಾರಿಜಾಳ ದೋಣಿಯೂ ಇರುವುದಿಲ್ಲ, ನನ್ನ ಮಗಳು ದಡದಲ್ಲೇ ನಿಲ್ಲಬೇಕಾಗುತ್ತದೆ. ಹಾಗಾಗಿ ಬೇಡಿಕೆ ಬದಲಿಸಿದ್ದೇನೆ. ಪುಟ್ಟುವಿಗೆ ಕಲಿಸಿ. ಕಲಿಸುವಾಗ ನಿಮ್ಮ ಮಗಳನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ದಿನಚರಿ ಪೂರ್ತಿ ಹುಡುಕಿದೆ, ನಿಮ್ಮ ಮಗಳ ಹೆಸರು ಎಲ್ಲೂ ಇಲ್ಲ.