ಹಿತ್ತಲಿನ ಒಳ್ಳೆ ಮಣ್ಣು

೧೪ ಮಾರ್ಚ್, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನೀನು, ನಿನ್ನವರು, ಪಾಪು ಎಲ್ಲರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದಿದ್ದಕ್ಕೆ ಬೇಕಾದಷ್ಟು ಬೈದುಕೋ. ಬರೆಯಲು ಕೂತರೆ ಸಾಕು, ಎದ್ದು ಹೋಗಿ ಕೈ ತೊಳೆಯಬೇಕು ಅನ್ನಿಸುತ್ತದೆ. ಇದಕ್ಕೆ ಮುಂಚೆ ಮೂರು ಹಾಳೆ ಹರಿದಿದ್ದೇನೆ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ: ಬರಬೇಡ. ಟಿಕೆಟ್ ಮಾಡಿಸಿದ್ದರೆ ರದ್ದು ಮಾಡಿಸು. ಬೀದಿ ಶುದ್ಧವಾಯಿತು, ಎಚ್ಚರಿಕೆಯ ಬೋರ್ಡು ತೆಗೆದರು, ಧೈರ್ಯವಾಗಿ ಬಾ ಎಂದು ಹೋದ ತಿಂಗಳು ನಾನೇ ಬರೆದಿದ್ದೆನಲ್ಲ, ಆ ಕಾಗದವನ್ನು ಹರಿದು ಹಾಕು.

ತಪ್ಪು ನನ್ನದು. ಟೈರ್ ಗೋದಾಮು ಆರು ದಿನ ಉರಿದು, ಕರಗಿದ ಕಪ್ಪು ಎಣ್ಣೆಯೆಲ್ಲ ನೆಲಕ್ಕೆ ಇಳಿದದ್ದು ನಿನಗೆ ಗೊತ್ತೇ ಇದೆ. ಅಲ್ಲಿನ ಮಣ್ಣನ್ನು ಬಾಟಲಿಗೆ ತುಂಬಿ, ಚೀಟಿ ಅಂಟಿಸಿ, ಪರೀಕ್ಷೆಗೆ ಕಳಿಸುವುದು ನನ್ನ ಕೆಲಸ. ಅದಕ್ಕೆ ಹೋಲಿಸಿ ನೋಡಲು ಬೆಂಕಿಯ ಸೋಂಕಿಲ್ಲದ ಒಂದು ಬಾಟಲಿ ಮಣ್ಣೂ ಬೇಕು. ಎರಡು ಕಿಲೋಮೀಟರ್ ಆಚೆ, ದಿಬ್ಬದ ಮೇಲಿನಿಂದ ತರಬೇಕೆಂದು ನಿಯಮ. ಅವತ್ತು ಜಿಟಿಜಿಟಿ ಮಳೆ, ಬೂಟಿಗೆಲ್ಲ ಕೆಸರು ಮೆತ್ತಿತ್ತು. ಬೆಂಕಿ ಬಿದ್ದಾಗ ಗಾಳಿ ಬೀದಿಯ ನಿನ್ನ ಮನೆಯ ತುದಿಗೆ ಬೀಸಿರಲಿಲ್ಲವಲ್ಲ ಎಂದುಕೊಂಡು ನಿನ್ನ ಹಿತ್ತಲಿನ ನಲ್ಲಿಯ ಪಕ್ಕದಲ್ಲೇ ಅಗೆದೆ. ಬಾಟಲಿಯ ಮೇಲೆ 'ಒಳ್ಳೆ ಮಣ್ಣು' ಎಂದು ಬರೆದು, ನಿನ್ನ ಮೆಟ್ಟಿಲ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿದು ಬಂದೆ.

ಆ ಮಣ್ಣೇ ಕೆಟ್ಟಿತ್ತು ಪುಟ್ಟಿ. ಅದರ ಪಕ್ಕ ಇಟ್ಟು ನೋಡಿದರೆ ಸುತ್ತಲಿನದೆಲ್ಲ ಪರವಾಗಿಲ್ಲ ಎಂದೇ ಬಂತು. ಬೀದಿಯ ಕೆಟ್ಟ ಮಣ್ಣನ್ನು ಮೊಣಕಾಲುದ್ದ ಮಾತ್ರ ಅಗೆದು ನಿಲ್ಲಿಸಿಬಿಟ್ಟರು. ಹದಿಮೂರು ಮನೆಗಳಿಗೂ ವಾಪಸ್ ಬರಬಹುದೆಂಬ ಪತ್ರ ಹೋಯಿತು. ಅದರ ಕೆಳಗೆ ನನ್ನದೂ ಒಂದು ಸಹಿ ಇದೆ.

ನಿನ್ನ ಗಿಡಗಳಿಗೆ ನೀರು ಹಾಕಲು ಹೋದಾಗ ನಲ್ಲಿಯ ಕೆಳಗಿನ ಇಟ್ಟಿಗೆ ಸರಿಸಿದೆ. ಗುಂಡಿಯಲ್ಲಿ ನಿಂತ ನೀರಿನ ಮೇಲೆ ಎಣ್ಣೆ ತೇಲುತ್ತಿತ್ತು. ಅಗ್ನಿಶಾಮಕದವರು ಆರು ದಿನ ಸುರಿದ ನೀರು ಚರಂಡಿ ತುಂಬಿ ನಿನ್ನ ಹಿತ್ತಲಿಗೇ ನುಗ್ಗಿತ್ತು. ನಾವೆಲ್ಲ ಹೊಗೆ ಎತ್ತ ಹೋಯಿತೆಂದು ನೋಡಿದ್ದೇ ಬಂತು, ನೀರು ಎತ್ತ ಹರಿಯಿತೆಂದು ಯಾರೂ ನೋಡಲಿಲ್ಲ.

ಇವತ್ತು ಬೆಳಿಗ್ಗೆ ನಮ್ಮ ಕೆಲಸದ ಎಂಜಿನಿಯರಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಏನ್ ಹೇಳ್ತಿದ್ದೀರ ಅಂತ ಗೊತ್ತಾಗ್ತಿದೆಯಾ ಮೇಡಂ? ಎಲ್ಲಾ ಮೊದಲಿಂದ ಅಗೀಬೇಕು. ನಿಮಗೆ ಯಾವಾಗ ಗೊತ್ತಾಯ್ತು?" ಎಂದರು.

"ನಿನ್ನೆ ಸರ್," ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೋಗಿ, ಮನೆಮನೆಗೂ ನೀವೇ ಹೇಳಿ ಬನ್ನಿ," ಎಂದರಷ್ಟೆ. ಹೊರಗೆ ಅಗೆಯುವ ಯಂತ್ರದವನು ಎಂದಿನಂತೆ, "ಏನ್ ಮಣ್ಣಮ್ಮ, ಮುಖ ಯಾಕೆ ಹಂಗಾಗಿದೆ? ಊಟ ಮಾಡಿಲ್ವಾ?" ಎಂದು ರೇಗಿಸಿದ. ವಿಷಯ ತಿಳಿದ ಮೇಲೆ ಪೆಚ್ಚಾಗಿ, ನನ್ನ ಜೊತೆ ಬೀದಿಯ ತಿರುವಿನವರೆಗೆ ನಡೆದು ಬಂದ. ಮೂಲೆಮನೆಯ ದರ್ಜಿ, "ಇನ್ನೊಂದ್ ಸಲ ಗಂಟುಮೂಟೆ ಕಟ್ಟೋದಾ? ನಿಮಗೆ ನಾವೇನು ಆಟದ ಸಾಮಾನಾ?" ಎಂದು ಬಾಗಿಲು ಹಾಕಿಕೊಂಡರು. ಅವರು ಕೇಳಿದ್ದರಲ್ಲಿ ತಪ್ಪೇನಿದೆ?

ಕೆಲಸ ಹೋದರೆ ಹೋಗಲಿ. ನೀನು ಅಲ್ಲೇ ಇರು. ಪಾಪುವಿನ ಚಪ್ಪಲಿ, ಆಟದ ಬಕೆಟ್ಟು ಏನಾದರೂ ಇಲ್ಲಿಂದ ಬಂದಿದ್ದರೆ ಬಿಸಾಡು, ಜಿಪುಣತನ ಮಾಡಬೇಡ. ನೀವೆಲ್ಲ ನೂರು ಕಾಲ ತಣ್ಣಗಿರಿ. ಮಗುವಿಗೆ ದೊಡ್ಡಮ್ಮನ ಮುತ್ತು.

ನಿನ್ನ
ಅಕ್ಕ

ತಾ.ಕ.: ಗೊತ್ತಾದದ್ದು ನಿನ್ನೆಯಲ್ಲ. ಹನ್ನೊಂದು ದಿನವಾಯಿತು. ನಿನ್ನ ಎದುರುಮನೆಯ ಸೊಸೆ, ಆರು ತಿಂಗಳ ಬಸುರಿ, ಮೊನ್ನೆ ಬೇಲಿಯ ಆಚೆಯಿಂದ ಕೂಗಿ ಕೇಳಿದಳು: "ಅಕ್ಕಾ, ಬಂದ ದಿನ ಹಾಕಿದ ಪಾಲಕ್ ಎಷ್ಟ್ ಚೆನ್ನಾಗ್ ಬಂದಿದೆ ನೋಡಿ. ತಿನ್ನಬಹುದಾ?" ಅವರ ಮನೆಯ ಬಾಗಿಲನ್ನು ಮಾತ್ರ ಇನ್ನೂ ತಟ್ಟಿಲ್ಲ. ನಾನು ಅವತ್ತು, "ತೊಳ್ಕೊಂಡು ತಿನ್ನಮ್ಮ," ಅಂದಿದ್ದೆ.